ರೆಡ್‌ವುಡ್ ಪೋರ್ಚಿನ ನೂರೈವತ್ತು ವರ್ಷ

ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವರು ಎರಡು ಫೋಟೋ ತಪ್ಪದೆ ಕಳಿಸುತ್ತಾರೆ. ಒಂದು ಗೋಲ್ಡನ್ ಗೇಟ್ ಸೇತುವೆಯದು. ಇನ್ನೊಂದು ಅಲಾಮೋ ಸ್ಕ್ವೇರ್ ಪಾರ್ಕಿನ ಹುಲ್ಲಿನ ಇಳಿಜಾರಿನಲ್ಲಿ ನಿಂತು ತೆಗೆದದ್ದು. ಹಿಂದೆ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತ ಏಳು ಮರದ ಮನೆಗಳು, ಅದರಾಚೆ ಡೌನ್‌ಟೌನಿನ ಎತ್ತರದ ಕಟ್ಟಡಗಳು. ಈ ಮನೆಗಳನ್ನು 'ಪೇಂಟೆಡ್ ಲೇಡೀಸ್' ಅನ್ನುತ್ತಾರೆ. 'ಫುಲ್ ಹೌಸ್' ಧಾರಾವಾಹಿಯ ಶುರುವಿನಲ್ಲಿ ಕಾಣುವ ಸಾಲೂ ಇದೇ. ಫೋಟೋ ಬಂದ ಕೂಡಲೇ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೊಬ್ಬರು "ಆಗಿನ ಕಾಲದ ಕೈಕೆಲಸ ನೋಡ್ರೀ, ಈಗೆಲ್ಲಿ ಬರಬೇಕು" ಅಂತ ಬರೆಯುವುದೂ ವಾಡಿಕೆ.

ಆದರೆ ಅದರಲ್ಲಿ ಬಹುಪಾಲು ಕೈಕೆಲಸವಲ್ಲ, ಮೆಷಿನ್ ಕೆಲಸ. ಆ ಬಣ್ಣಗಳೂ ವಿಕ್ಟೋರಿಯಾ ರಾಣಿಯ ಕಾಲದವಲ್ಲ, 1960ರ ನಂತರದವು. ಮನೆಗಳನ್ನು ಕಟ್ಟಿದ್ದು ಶ್ರೀಮಂತರಿಗೂ ಅಲ್ಲ. ಈ ಮೂರು ವಿಷಯ ಗೊತ್ತಾದ ಮೇಲೆ ಅದೇ ಫೋಟೋ ಬೇರೆ ಥರ ಕಾಣಿಸುತ್ತದೆ. ಅದನ್ನು ನೋಡೋದಕ್ಕೆ ಒಳ್ಳೆಯ ಜಾಗ ಅಂದರೆ ಮನೆಯ ಮುಂದಿನ ಪೋರ್ಚು.

ನಮ್ಮ ಕಡೆ ಜಗುಲಿ ಅಂದರೆ ಕೂರುವ ಜಾಗ. ದಾರಿಹೋಕರೂ ಎರಡು ನಿಮಿಷ ಕೂತು ನೀರು ಕೇಳಬಹುದು. ಸ್ಯಾನ್ ಫ್ರಾನ್ಸಿಸ್ಕೋದ ಪೋರ್ಚು ಅಂಥದ್ದಲ್ಲ. ಫುಟ್‌ಪಾತಿನಿಂದ ಹತ್ತು ಹದಿನೈದು ಮೆಟ್ಟಿಲು ಹತ್ತಿದರೆ, ಬಾಗಿಲಿನ ಮುಂದೆ ಇಬ್ಬರು ಮೂವರು ನಿಲ್ಲಬಹುದಾದಷ್ಟು ಜಾಗ. ಬೆಲ್ ಒತ್ತಿ ಬಾಗಿಲು ತೆಗೆಯುವವರೆಗೆ ಮಳೆ, ಮಂಜು ತಾಗದಂತೆ ನಿಲ್ಲಲು ಒಂದು ಸೂರು. ಆದರೆ ಆ ಪುಟ್ಟ ಸೂರಿನ ಮೇಲೆ ಸುರಿದಿರುವ ಅಲಂಕಾರ ನೋಡಬೇಕು. ಕಡೆದು ಮಾಡಿದ ಕಂಬಗಳು, ಕಂಬದ ತಲೆಯಲ್ಲಿ ಬೋದಿಗೆ, ಬೋದಿಗೆಗಳ ನಡುವೆ ಮಣಿಸರದಂತೆ ಜೋಡಿಸಿದ ಸಣ್ಣ ಕಡ್ಡಿಗಳ ಜಾಲರಿ, ಮೇಲಿನ ತ್ರಿಕೋನದಲ್ಲಿ ಮೂಡುತ್ತಿರುವ ಸೂರ್ಯನ ಕಿರಣ, ಅಂಚಿಗೆಲ್ಲ ಹೂಬಳ್ಳಿ. ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಹಳೇ ಬಂಗಲೆಗಳ 'ಮಂಕಿ ಟಾಪ್' ನೋಡಿದವರಿಗೆ ಈ ಮರದ ಜಾಲರಿಯ ಹುಚ್ಚು ಹೊಸದಲ್ಲ. ಅದೂ ಇದೂ ಸುಮಾರು ಒಂದೇ ಕಾಲದವು. ವ್ಯತ್ಯಾಸ ಏನೆಂದರೆ, ಬಂಗಲೆಗೆ ಸುತ್ತ ಕಾಂಪೌಂಡಿದೆ, ನಾಲ್ಕೂ ಕಡೆಯಿಂದ ನೋಡಬಹುದು. ಈ ಸಾಲುಮನೆಗೆ ಒಂದೇ ಮುಖ.

ಕಾರಣ ಸೈಟು. ನಾವು ಥರ್ಟಿ ಫಾರ್ಟಿ ಲೆಕ್ಕದಲ್ಲಿ ಯೋಚಿಸುವ ಹಾಗೆ ಅಲ್ಲಿಯವರು ಇಪ್ಪತ್ತೈದು ಅಡಿ ಲೆಕ್ಕದಲ್ಲಿ ಯೋಚಿಸುತ್ತಿದ್ದರು. ಸಾಮಾನ್ಯವಾಗಿ ಸೈಟಿನ ಅಗಲ 25 ಅಡಿ, ಉದ್ದ ನೂರು ಅಡಿ ಅಥವಾ ಅದಕ್ಕಿಂತ ಹೆಚ್ಚು. ಅಕ್ಕಪಕ್ಕದ ಗೋಡೆಗಳು ತಾಗಿಕೊಂಡೇ ಇರುವುದರಿಂದ ಪಕ್ಕದಲ್ಲಿ ತೋರಿಸಲು ಏನೂ ಇಲ್ಲ. ಅಲ್ಲಿ ಬರೀ ಹಲಗೆ ಹೊಡೆದು ಬಿಡುತ್ತಿದ್ದರು. ಇರುವ ದುಡ್ಡೆಲ್ಲ ರಸ್ತೆ ಕಡೆಗೆ. ಆ 25 ಅಡಿಯಲ್ಲೇ ಒಂದು ಪಕ್ಕ ಹೊರಚಾಚಿದ ಬೇ ವಿಂಡೋ, ಇನ್ನೊಂದು ಪಕ್ಕ ಮೆಟ್ಟಿಲು ಮತ್ತು ಪೋರ್ಚು. ಕಿಟಕಿ ಮಂಜಿನ ಊರಿನಲ್ಲಿ ಸಿಕ್ಕಷ್ಟು ಬೆಳಕನ್ನು ಒಳಗೆ ಎಳೆದುಕೊಳ್ಳಲು. ಪೋರ್ಚು ಈ ಮನೆ ಪಕ್ಕದ ಮನೆಯಲ್ಲ ಅಂತ ಹೇಳಲು. ಒಬ್ಬನೇ ಬಿಲ್ಡರ್ ಒಂದೇ ನಕ್ಷೆಯಲ್ಲಿ ಆರೇಳು ಮನೆ ಕಟ್ಟಿದಾಗ, ಕಂಬ ಮತ್ತು ಬೋದಿಗೆಯ ಡಿಸೈನು ಬದಲಿಸಿದರೆ ಸಾಕು, ಪ್ರತಿ ಮನೆಗೂ ಬೇರೆ ಬೇರೆ ಮುಖ ಬಂದ ಹಾಗೆ.

ಡಿಸೈನು ಬದಲಿಸುವುದು ಅಷ್ಟು ಸುಲಭವಾದದ್ದು ಉಗಿಯಂತ್ರದಿಂದ. 1870ರ ಹೊತ್ತಿಗೆ ಊರಿನ ಮಾರ್ಕೆಟ್ ಸ್ಟ್ರೀಟಿನ ದಕ್ಷಿಣಕ್ಕೆ ಸಾಲುಸಾಲು ಮರದ ಮಿಲ್ಲುಗಳಿದ್ದವು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವುದನ್ನು ನೀವು ನೋಡಿರಬಹುದು. ಮರ ತಿರುಗುತ್ತದೆ, ಉಳಿ ತಾಗಿಸಿದರೆ ಹೊಟ್ಟು ಹಾರುತ್ತದೆ, ಕ್ಷಣದಲ್ಲಿ ಉಬ್ಬು ತಗ್ಗು ಮೂಡುತ್ತವೆ. ಅದನ್ನೇ ಉಗಿಯ ಬಲದಲ್ಲಿ, ಕಂಬದ ಗಾತ್ರದಲ್ಲಿ, ದಿನವಿಡೀ ಮಾಡಿದರೆ ಹೇಗಿರಬಹುದು ಊಹಿಸಿ. ಸಣ್ಣ ಅಲಗಿನ ಯಂತ್ರದ ಗರಗಸ ಹಲಗೆಯನ್ನು ಬೇಕಾದ ಹಾಗೆ ತಿರುವಿ ಕತ್ತರಿಸಿ ಹೂಬಳ್ಳಿ ಕೊಡುತ್ತಿತ್ತು. ಸಿದ್ಧ ಮಾಲಿಗೆ ಕ್ಯಾಟಲಾಗ್ ಇರುತ್ತಿತ್ತು. ಬಿಲ್ಡರ್ ಕ್ಯಾಟಲಾಗ್ ನೋಡಿ ಈ ನಂಬರಿನ ಬೋದಿಗೆ ಇಷ್ಟು, ಆ ನಂಬರಿನ ಅಂಚುಪಟ್ಟಿ ಇಷ್ಟು ಅಡಿ ಅಂತ ಆರ್ಡರ್ ಕೊಡುತ್ತಿದ್ದ. ಬಡಗಿ ಸೈಟಿನಲ್ಲಿ ಅದನ್ನು ಮೊಳೆ ಹೊಡೆದು ಕೂರಿಸುತ್ತಿದ್ದ. ನಾವೀಗ ಮಾಡ್ಯುಲರ್ ಕಿಚನ್ ತರಿಸುವ ಹಾಗೆ.

ಕೊಳ್ಳುತ್ತಿದ್ದವರು ಯಾರು? ಗುಮಾಸ್ತರು, ಅಂಗಡಿಯವರು, ನುರಿತ ಕೆಲಸಗಾರರು. ಚಿನ್ನದ ಬೇಟೆಯಲ್ಲಿ ಹುಟ್ಟಿದ ಊರು ಆಗ ಸಂಬಳದ ಊರಾಗುತ್ತಿತ್ತು. ವಿಲಿಯಂ ಹಾಲಿಸ್ ಎಂಬಾತನ 'ದ ರಿಯಲ್ ಎಸ್ಟೇಟ್ ಅಸೋಸಿಯೇಟ್ಸ್' ಕಂಪನಿ 1870ರ ದಶಕದಲ್ಲಿ ಸಾವಿರದಷ್ಟು ಮನೆ ಕಟ್ಟಿ, ಕಂತಿನ ಮೇಲೆ ಮಾರಿತು. ಇಎಂಐ ಅನ್ನುವ ಹೆಸರಿರಲಿಲ್ಲ, ವ್ಯವಸ್ಥೆ ಅದೇ. ಅಲಾಮೋ ಸ್ಕ್ವೇರಿನ ಆ ಪ್ರಸಿದ್ಧ ಸಾಲನ್ನು ಕಟ್ಟಿದ ಮ್ಯಾಥ್ಯೂ ಕಾವನಾ ಕೂಡ ಬಿಲ್ಡರೇ. 1892ರಲ್ಲಿ ಮೂಲೆಯಲ್ಲಿ ತನಗೊಂದು ಮನೆ ಕಟ್ಟಿಕೊಂಡು, 1896ರೊಳಗೆ ಪಕ್ಕದ ಮನೆಗಳನ್ನು ಕಟ್ಟಿ ಮುಗಿಸಿದ. ಇಳಿಜಾರಿನಲ್ಲಿ ಒಂದರ ಕೆಳಗೊಂದು, ಹೆಚ್ಚುಕಡಿಮೆ ಒಂದೇ ಅಚ್ಚಿನವು. ಇವತ್ತು ಪೋಸ್ಟ್‌ಕಾರ್ಡಿನಲ್ಲಿ ಚಂದ ಕಾಣುವುದಕ್ಕೆ ಕಾರಣವೇ ಆ ಒಂದೇ ಅಚ್ಚು.

ಆಗಿನ ರಸಿಕರಿಗೆ ಇದು ಹಿಡಿಸಲಿಲ್ಲ. ಅದರಲ್ಲೊಂದು ತಮಾಷೆ ಇದೆ. 1880ರ ದಶಕದ ಪೋರ್ಚುಗಳ ಅಲಂಕಾರಕ್ಕೆ 'ಈಸ್ಟ್‌ಲೇಕ್' ಶೈಲಿ ಅಂತ ಹೆಸರಿತ್ತು. ಚಾರ್ಲ್ಸ್ ಈಸ್ಟ್‌ಲೇಕ್ ಇಂಗ್ಲೆಂಡಿನವರು. 1868ರಲ್ಲಿ ಮನೆಯ ಪೀಠೋಪಕರಣ, ಅಲಂಕಾರದ ಅಭಿರುಚಿಯ ಬಗ್ಗೆ ಪುಸ್ತಕ ಬರೆದು, ಸರಳವಾಗಿ, ಗಟ್ಟಿಯಾಗಿ, ಪ್ರಾಮಾಣಿಕವಾಗಿ ಮಾಡಿ ಅಂತ ಬುದ್ಧಿ ಹೇಳಿದ್ದರು. ಕ್ಯಾಲಿಫೋರ್ನಿಯಾದ ಮಿಲ್ಲುಗಳು ಅವರ ಹೆಸರನ್ನೇ ತಮ್ಮ ಕಡೆದ ಕಂಬ, ಕೊರೆದ ಹಲಗೆಗಳಿಗೆ ಅಂಟಿಸಿ ಮಾರಿದವು. ಸುದ್ದಿ ತಲುಪಿದಾಗ ಈಸ್ಟ್‌ಲೇಕ್ ಬೇಸರಪಟ್ಟು, ಈ ಶೈಲಿಗೂ ತನಗೂ ಸಂಬಂಧವಿಲ್ಲ ಅನ್ನುವ ಧಾಟಿಯಲ್ಲಿ ಬರೆದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಹೆಸರು ಇವತ್ತಿಗೂ ಹಾಗೇ ಇದೆ.

ಇಷ್ಟೆಲ್ಲ ಅಗ್ಗವಾಗಿ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣ ಮರ. ಊರಿನ ಉತ್ತರಕ್ಕೆ, ಮೆಂಡೊಸಿನೊ, ಹಂಬೋಲ್ಟ್ ಸೀಮೆಯ ಕಡಲತೀರದ ಉದ್ದಕ್ಕೂ ರೆಡ್‌ವುಡ್ ಕಾಡಿತ್ತು. ಜಗತ್ತಿನ ಅತಿ ಎತ್ತರದ ಮರಗಳು ಅವು. ಸಾವಿರ ವರ್ಷ ದಾಟಿದವೂ ಇದ್ದವು. ನಮಗೆ ತೇಗ ಹೇಗೋ ಅವರಿಗೆ ರೆಡ್‌ವುಡ್ ಹಾಗೆ: ಹುಳ ಹಿಡಿಯುವುದಿಲ್ಲ, ಬೇಗ ಕೊಳೆಯುವುದಿಲ್ಲ. ತೇಗಕ್ಕಿಂತ ಮೆದು, ಆದ್ದರಿಂದ ಗರಗಸಕ್ಕೂ ಲೇಥಿಗೂ ಸಲೀಸು. ಕಡಿದ ಮರವನ್ನು ಹಾಯಿಹಡಗುಗಳಲ್ಲಿ ಊರಿಗೆ ತರುತ್ತಿದ್ದರು. ಸುಮಾರು 20 ಲಕ್ಷ ಎಕರೆ ಇದ್ದ ಆ ಕಾಡಿನಲ್ಲಿ ಕೊಡಲಿ ತಾಗದೆ ಉಳಿದದ್ದು ಈಗ ನೂರಕ್ಕೆ ಐದು ಪಾಲು ಮಾತ್ರ. ಅಷ್ಟೂ ಪೋರ್ಚುಗಳಿಗೆ ಹೋಯಿತು ಅಂತಲ್ಲ. ಆದರೆ ಬೋದಿಗೆ, ಜಾಲರಿ, ಸೂರ್ಯಕಿರಣವೆಲ್ಲ ಬಂದದ್ದು ಆ ಕಾಡಿನಿಂದಲೇ.

ಮರದ ಊರಿಗೆ ದೊಡ್ಡ ಭಯ ಬೆಂಕಿ. 1906ರ ಏಪ್ರಿಲ್ 18ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಭೂಮಿ ನಡುಗಿತು. ನೀರಿನ ಪೈಪುಗಳು ಒಡೆದವು. ಆಮೇಲೆ ಹೊತ್ತಿದ ಬೆಂಕಿ ಮೂರು ದಿನಕ್ಕೂ ಹೆಚ್ಚು ಉರಿಯಿತು. ಸುಮಾರು 28,000 ಕಟ್ಟಡ ಹೋದವು, ಊರಿನ ನಾಲ್ಕು ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೀದಿಗೆ ಬಂದರು, ಮೂರು ಸಾವಿರದಷ್ಟು ಜನ ಸತ್ತರು. ಕೊನೆಗೆ ಅಗಲವಾದ ವ್ಯಾನ್ ನೆಸ್ ಅವೆನ್ಯೂ ಎಂಬ ರಸ್ತೆಯ ಪೂರ್ವದಂಚಿನ ಮನೆಗಳನ್ನು ಡೈನಮೈಟ್ ಇಟ್ಟು ಉರುಳಿಸಿ, ಬೆಂಕಿಯನ್ನು ಬಹುಪಾಲು ಅಲ್ಲೇ ತಡೆದರು.

ಆ ಗೆರೆಯ ಪೂರ್ವದಲ್ಲಿ ನಾಬ್ ಹಿಲ್ ಇತ್ತು. ರೈಲ್ವೆ ಕುಬೇರರಾದ ಸ್ಟ್ಯಾನ್‌ಫರ್ಡ್, ಹಾಪ್ಕಿನ್ಸ್, ಕ್ರಾಕರ್ ಅಂಥವರ ಅರಮನೆಗಳು ಅಲ್ಲಿದ್ದವು. ಎಲ್ಲ ಬೂದಿಯಾದವು. ಪಶ್ಚಿಮದಲ್ಲಿ 'ವೆಸ್ಟರ್ನ್ ಅಡಿಶನ್' ಬಡಾವಣೆ. ಕಂತಿನ ಮೇಲೆ ಕೊಂಡ, ಕ್ಯಾಟಲಾಗ್ ಪೋರ್ಚಿನ ಸಾಲುಮನೆಗಳು. ಅವು ಉಳಿದವು. ಇವತ್ತು ನಾವು 'ವಿಕ್ಟೋರಿಯನ್ ಸ್ಯಾನ್ ಫ್ರಾನ್ಸಿಸ್ಕೋ' ಅಂತ ನೋಡಲು ಹೋಗುವುದರಲ್ಲಿ ಬಹುಪಾಲು ಹೀಗೆ ಉಳಿದುಕೊಂಡ ಮಧ್ಯಮವರ್ಗದ ಮನೆಗಳೇ.

ಉಳಿದದ್ದಕ್ಕೆ ಬೆಲೆಯನ್ನೂ ತೆತ್ತವು. ಮನೆ ಕಳೆದುಕೊಂಡವರೆಲ್ಲ ಗೆರೆ ದಾಟಿ ಈ ಬಡಾವಣೆಗೆ ಬಂದರು. ಒಂದು ಕುಟುಂಬದ ಮನೆ ಮೂರು ನಾಲ್ಕು ಬಾಡಿಗೆ ಬಿಡಾರವಾಯಿತು. ಇಲ್ಲಿನ ಫಿಲ್‌ಮೋರ್ ರಸ್ತೆ ಕೆಲಕಾಲ ಇಡೀ ಊರಿನ ಪೇಟೆ ಬೀದಿಯಾಯಿತು. ಅನುಕೂಲವಿದ್ದವರು ಹೊಸ ಬಡಾವಣೆಗಳಿಗೆ ಹೋದರು. ಹೊಸ ಶೈಲಿ ಬಂತು, ಹಳೇ ಕುಸುರಿ 'ಅಜ್ಜಿ ಕಾಲದ ಕಸ' ಅನ್ನಿಸಿಕೊಂಡಿತು. ಧೂಳು ಕೂರುತ್ತೆ, ಪೇಂಟಿನ ಖರ್ಚು ಮುಗಿಯಲ್ಲ. 1930ರಿಂದ 50ರ ದಶಕದವರೆಗೆ ಬಾಗಿಲು ಬಾಗಿಲಿಗೆ ಬಂದ ಸೇಲ್ಸ್‌ಮನ್‌ಗಳು ಇದಕ್ಕೆ ಪರಿಹಾರ ಮಾರಿದರು. ಕಂಬ, ಬೋದಿಗೆ ಕಿತ್ತು ಹಾಕಿ. ಗೋಡೆಗೆ ಕಲ್ನಾರಿನ ಶೀಟು ಹೊಡೆಯಿರಿ ಅಥವಾ ಸಿಮೆಂಟ್ ಗಾರೆ ಮೆತ್ತಿಸಿ. ಮರದ ಮೆಟ್ಟಿಲ ಜಾಗದಲ್ಲಿ ಟೆರಾಝೋ ಹಾಕಿಸಿ. ಮೊದಲು ಹೋಗುತ್ತಿದ್ದದ್ದು ಪೋರ್ಚೇ. ಬಾಡಿಗೆದಾರರೇ ತುಂಬಿದ್ದ, ರಿಪೇರಿಗೂ ಮಾಲೀಕರು ಕೈ ಬಿಚ್ಚದ ಮನೆಗಳಲ್ಲಿ ಮಾತ್ರ ಹಳೇ ಪೋರ್ಚು ಹಾಗೇ ನಿಂತಿತ್ತು. ಎಷ್ಟೋ ಕಡೆ ಚಂದವನ್ನು ಕಾಪಾಡಿದ್ದು ಕಾಳಜಿಯಲ್ಲ, ಅಲಕ್ಷ್ಯ.

ಆ ಬಾಡಿಗೆದಾರರ ಕಥೆ ಹೇಳದೆ ಪೋರ್ಚಿನ ಕಥೆ ಮುಗಿಯುವುದಿಲ್ಲ. 1906ರ ನಂತರ ಇಲ್ಲಿ ಜಪಾನಿ ಕುಟುಂಬಗಳು ನೆಲೆಸಿ ಜಪಾನ್‌ಟೌನ್ ಬೆಳೆದಿತ್ತು. 1942ರಲ್ಲಿ, ಯುದ್ಧದ ನೆಪದಲ್ಲಿ, ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ಕಳಿಸಿತು. ಈ ಬೀದಿಗಳ ಮನೆಗಳು ಖಾಲಿಯಾದವು. ಅದೇ ಹೊತ್ತಿಗೆ ಹಡಗು ಕಟ್ಟುವ ಯಾರ್ಡುಗಳ ಕೆಲಸ ಹುಡುಕಿಕೊಂಡು ಲೂಯಿಸಿಯಾನ, ಟೆಕ್ಸಾಸ್ ಕಡೆಯಿಂದ ಕಪ್ಪು ಜನ ಬಂದರು. 1940ರಲ್ಲಿ ಊರಿನಲ್ಲಿ ಐದು ಸಾವಿರದೊಳಗಿದ್ದ ಅವರ ಸಂಖ್ಯೆ 1950ಕ್ಕೆ 43,000 ದಾಟಿತು. ಬೇರೆ ಎಷ್ಟೋ ಬಡಾವಣೆಗಳಲ್ಲಿ ಅವರಿಗೆ ಮನೆ ಮಾರುವಂತಿಲ್ಲ, ಕೊಡುವಂತಿಲ್ಲ ಅನ್ನುವ ಕರಾರುಗಳೇ ಇದ್ದವು. ಸಿಕ್ಕಿದ್ದು ಇಲ್ಲಿ. ಫಿಲ್‌ಮೋರ್ ರಸ್ತೆಯಲ್ಲಿ ಅಂಗಡಿ, ಚರ್ಚು, ಕ್ಷೌರದಂಗಡಿ, ಜಾಝ್ ಕ್ಲಬ್ಬುಗಳು ತುಂಬಿದವು. 'ಪಶ್ಚಿಮದ ಹಾರ್ಲೆಮ್' ಅಂತ ಹೆಸರಾಯಿತು. 1950ರಲ್ಲಿ ಪೋಸ್ಟ್ ರಸ್ತೆಯ 1690ನೇ ನಂಬರಿನ ಒಂದು ವಿಕ್ಟೋರಿಯನ್ ಮನೆಯ ಹಿಂಭಾಗದಲ್ಲಿ 'ಜಿಂಬೋಸ್ ಬಾಪ್ ಸಿಟಿ' ಎಂಬ ಕ್ಲಬ್ ಶುರುವಾಯಿತು. ಬೇರೆ ಕಡೆ ಕಛೇರಿ ಮುಗಿಸಿದ ಕಲಾವಿದರು ನಡುರಾತ್ರಿಯ ಮೇಲೆ ಇಲ್ಲಿಗೆ ಬಂದು ಬೆಳಗಿನವರೆಗೆ ನುಡಿಸುತ್ತಿದ್ದರು. ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿಯಂಥವರು ಬಂದು ಹೋದ ಜಾಗ ಅದು.

ಆದರೆ ನಗರಸಭೆಯ ಕಡತದಲ್ಲಿ ಇದೇ ಬಡಾವಣೆಗೆ ಬೇರೆ ಹೆಸರಿತ್ತು. 1948ರಲ್ಲಿ ವೆಸ್ಟರ್ನ್ ಅಡಿಶನ್ ಅನ್ನು ಹಾಳುಬಿದ್ದ ಪ್ರದೇಶ ಅಂತ ಘೋಷಿಸಿದರು. ಹಳೇ ಮರದ ಮನೆ, ಕಿಕ್ಕಿರಿದ ಜನ, ಬೆಂಕಿಯ ಅಪಾಯ ಎಲ್ಲ ಪುರಾವೆಗಳಾದವು. ಮರುವರ್ಷ ಬಂದ ವಸತಿ ಕಾಯ್ದೆ ಇಂಥ ಪ್ರದೇಶಗಳನ್ನು ಕೊಂಡು ಕೆಡವಲು ಕೇಂದ್ರದ ಹಣ ಕೊಟ್ಟಿತು. ಗೇರಿ ರಸ್ತೆಯನ್ನು ಹೆದ್ದಾರಿಯಂತೆ ಅಗಲ ಮಾಡಿದರು. 1959ರಲ್ಲಿ ಪುನರಾಭಿವೃದ್ಧಿ ಏಜೆನ್ಸಿಯ ಮುಖ್ಯಸ್ಥರಾದ ಜಸ್ಟಿನ್ ಹರ್ಮನ್ ಕಾಲದಲ್ಲಿ ಕೆಲಸಕ್ಕೆ ವೇಗ ಬಂತು. 1967ರಲ್ಲಿ ಬಡಾವಣೆಯ ಜನ ಸಂಘಟನೆ ಕಟ್ಟಿ, ಬುಲ್ಡೋಜರಿಗೆ ಅಡ್ಡ ನಿಂತು, ಕೋರ್ಟಿಗೆ ಹೋಗಿ ತಡೆಯಾಜ್ಞೆಯನ್ನೂ ತಂದರು. ತಡೆ ಹೆಚ್ಚು ದಿನ ನಿಲ್ಲಲಿಲ್ಲ. ಲೆಕ್ಕ ಮುಗಿಯುವ ಹೊತ್ತಿಗೆ 883 ಅಂಗಡಿ ವ್ಯಾಪಾರಗಳು ಮುಚ್ಚಿದ್ದವು, 4,729 ಕುಟುಂಬಗಳು ಎದ್ದಿದ್ದವು, ಸುಮಾರು 2,500 ವಿಕ್ಟೋರಿಯನ್ ಮನೆಗಳು ನೆಲಸಮವಾಗಿದ್ದವು. ಎದ್ದವರಿಗೆ 'ಮುಂದೆ ಇಲ್ಲಿ ಮನೆ ಕಟ್ಟಿದಾಗ ನಿಮಗೆ ಮೊದಲ ಆದ್ಯತೆ' ಅಂತ ಪ್ರಮಾಣಪತ್ರ ಕೊಟ್ಟರು. ಎಷ್ಟೋ ಸೈಟುಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ಆ ಕಾಗದ ಹಿಡಿದು ವಾಪಸ್ ಬಂದವರು ಕೆಲವರೇ.

ಇದೇ ಹೊತ್ತಿಗೆ ಊರಿನ ಇನ್ನೊಂದು ವರ್ಗದ ಕಣ್ಣು ತೆರೆಯುತ್ತಿತ್ತು. 1963ರಲ್ಲಿ ಬುಚ್ ಕಾರ್ಡಮ್ ಎಂಬ ಕಲಾವಿದ ತನ್ನ ಹಳೇ ಮನೆಗೆ ಗಾಢ ನೀಲಿ, ಹಸಿರು ಬಳಿದ. ಬೀದಿಯವರು ಮೊದಲು ನಕ್ಕರು, ಆಮೇಲೆ ತಾವೂ ಬಳಿದರು. ವಿಕ್ಟೋರಿಯಾ ಕಾಲದಲ್ಲಿ ಈ ಮನೆಗಳು ಬೂದು, ಬಿಳಿ, ಕಂದು ಬಣ್ಣದವೇ ಹೆಚ್ಚು. ಕಲ್ಲಿನಂತೆ ಕಾಣಲೆಂದು ಪೇಂಟಿನಲ್ಲಿ ಮರಳು ಬೆರೆಸಿ ಬಳಿದದ್ದೂ ಉಂಟು. ಈಗ ಬೋದಿಗೆಗೊಂದು ಬಣ್ಣ, ಜಾಲರಿಗೊಂದು, ಸೂರ್ಯಕಿರಣಕ್ಕೆ ಚಿನ್ನದ ರೇಕು. 1978ರಲ್ಲಿ 'ಪೇಂಟೆಡ್ ಲೇಡೀಸ್' ಅನ್ನುವ ಪುಸ್ತಕ ಬಂದು ಹೆಸರು ಖಾಯಂ ಆಯಿತು.

ಕಲ್ನಾರಿನ ಶೀಟು ಕೀಳಿಸಿದವರಿಗೆ ಒಂದು ಅಚ್ಚರಿ ಕಾದಿತ್ತು. ಬೋದಿಗೆ, ಅಂಚುಪಟ್ಟಿ ಕಿತ್ತುಹೋಗಿ ದಶಕಗಳಾಗಿದ್ದರೂ, ಅಡಿಯ ರೆಡ್‌ವುಡ್ ಹಲಗೆಯ ಮೇಲೆ ಅವುಗಳ ಆಕಾರ ಹಾಗೇ ಉಳಿದಿತ್ತು. ಅಲಂಕಾರ ಕೂತಿದ್ದ ಕಡೆ ಹಳೇ ಬಣ್ಣ ಬಿದ್ದಿರಲಿಲ್ಲ, ಅದರ ಸುತ್ತ ಬಿದ್ದಿತ್ತು. ಗೋಡೆಯಿಂದ ಹಳೇ ಕ್ಯಾಲೆಂಡರ್ ತೆಗೆದಾಗ ಅದರ ಅಚ್ಚು ಉಳಿಯುತ್ತದಲ್ಲ, ಹಾಗೆ. ಕುಶಲಕರ್ಮಿಗಳು ಆ ಗುರುತನ್ನು ಕಾಗದಕ್ಕೆ ಇಳಿಸಿಕೊಂಡು, ಹೊಸದಾಗಿ ಕೊರೆದು, ಅದೇ ಜಾಗದಲ್ಲಿ ಕೂರಿಸಿದರು. ಕಂಬ ಎಲ್ಲಿತ್ತು, ಬಳ್ಳಿ ಎಲ್ಲಿ ಮುಗಿಯುತ್ತಿತ್ತು ಎಂಬುದನ್ನು ಇಂಚಿನ ಲೆಕ್ಕದಲ್ಲಿ ವಾಪಸ್ ತಂದರು.

ಮನೆಗಳನ್ನೇ ಸಾಗಿಸಿದ್ದೂ ಉಂಟು. 1971ರಲ್ಲಿ ಶುರುವಾದ 'ಹೆರಿಟೇಜ್' ಸಂಸ್ಥೆ ಏಜೆನ್ಸಿಯ ಜೊತೆ ಮಾತಾಡಿ, ಕೆಡವಬೇಕಿದ್ದ ಹನ್ನೆರಡು ವಿಕ್ಟೋರಿಯನ್ ಕಟ್ಟಡಗಳನ್ನು ಉಳಿಸಿತು. 1974ರ ನವೆಂಬರಿನಲ್ಲಿ ಅವನ್ನು ಅಡಿಪಾಯದಿಂದ ಎತ್ತಿ, ಚಕ್ರದ ಮೇಲೆ ಕೂರಿಸಿ, ಅಡ್ಡ ಬಂದ ತಂತಿಗಳನ್ನು ಬಿಚ್ಚಿಸಿ, ರಸ್ತೆಯಲ್ಲಿ ಎಳೆದುಕೊಂಡು ಹೋದರು. ಆಗಿನ ಫೋಟೋಗಳಿವೆ: ಖಾಲಿ ಮೈದಾನದಂತಾದ ಬಡಾವಣೆ, ನಡುವೆ ತನ್ನ ಬೇ ವಿಂಡೋ, ಬೋದಿಗೆಗಳ ಸಮೇತ ಮೆಲ್ಲಗೆ ಸಾಗುತ್ತಿರುವ ಮೂರಂತಸ್ತಿನ ಮನೆ. ಒಳಗೆ ಯಾರೂ ಇಲ್ಲ.

ಹೀಗೆ ಆ ವರ್ಷಗಳಲ್ಲಿ ಜಾಗ ಬದಲಿಸಿದ ಕಟ್ಟಡಗಳಲ್ಲಿ ಪೋಸ್ಟ್ ರಸ್ತೆಯ 1690 ಕೂಡ ಒಂದು. ಬಾಪ್ ಸಿಟಿ 1965ರಲ್ಲೇ ಮುಚ್ಚಿತ್ತು. ಕಟ್ಟಡ ಹತ್ತಿರದ ಫಿಲ್‌ಮೋರ್ ರಸ್ತೆಗೆ ಬಂತು. ಮುಂದೆ ಅದರಲ್ಲಿ 'ಮಾರ್ಕಸ್ ಬುಕ್ಸ್' ನೆಲೆಸಿತು. ಜೂಲಿಯನ್ ಮತ್ತು ರೇ ರಿಚರ್ಡ್‌ಸನ್ ದಂಪತಿ 1960ರಲ್ಲಿ ಶುರುಮಾಡಿದ್ದ ಅಂಗಡಿ ಅದು. ಕಪ್ಪು ಲೇಖಕರ ಪುಸ್ತಕಗಳಿಗಾಗಿಯೇ ಇದ್ದ, ಅಮೆರಿಕದ ಅತಿ ಹಳೆಯ ಅಂಗಡಿಗಳಲ್ಲೊಂದು. ಬಡಾವಣೆ ಕರಗಿಹೋದ ಮೇಲೂ, ಚದುರಿದವರು ಬಂದು ಸೇರಲು ಒಂದು ವಿಳಾಸ ಇತ್ತು.

2014ರಲ್ಲಿ ನಗರ ಆಡಳಿತ ಈ ಕಟ್ಟಡವನ್ನು ಅಧಿಕೃತ ಸ್ಮಾರಕವೆಂದು ಘೋಷಿಸಿತು. ಪಟ್ಟಿಯಲ್ಲಿ ಅದರ ಹೆಸರು 'ಮಾರ್ಕಸ್ ಬುಕ್ಸ್/ಜಿಂಬೋಸ್ ಬಾಪ್ ಸಿಟಿ'. ಅಂದರೆ ಸ್ಮಾರಕವಾದದ್ದು ಬರೀ ಮರದ ಕುಸುರಿಗಾಗಿ ಅಲ್ಲ, ಒಳಗಿದ್ದವರಿಗಾಗಿ. ಅದೇ ವರ್ಷದ ಮೇ ತಿಂಗಳಲ್ಲಿ, ಮಾಲೀಕತ್ವದ ಜಗಳ ಮುಗಿದು, ಅಂಗಡಿಯನ್ನು ಅಲ್ಲಿಂದ ಎಬ್ಬಿಸಿದರು. ಸ್ಮಾರಕದ ಕಾಯ್ದೆ ಹೊರಗಿನ ಗೋಡೆ, ಕಿಟಕಿ, ಕುಸುರಿಯನ್ನು ಮುಟ್ಟದಂತೆ ಕಾಯಬಲ್ಲದು. ಬಾಡಿಗೆದಾರರನ್ನು ಕಾಯುವ ಅಧಿಕಾರ ಅದಕ್ಕಿಲ್ಲ.

ನಮ್ಮ ಊರಿನಲ್ಲೂ ಹಳೇ ಕಟ್ಟಡ ಉಳಿಸಿ ಅನ್ನುವ ಅಭಿಯಾನಗಳಿಗೆ ನಾವೆಲ್ಲ ಸಹಿ ಹಾಕುತ್ತೇವೆ, ಹಾಕಲೇಬೇಕು. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವ ಅಭ್ಯಾಸ ಒಳ್ಳೆಯದು: ಈಗ ಅದರಲ್ಲಿ ಇರುವವರು ಯಾರು, ರಿಪೇರಿ ಮುಗಿದ ಮೇಲೆ ಅವರು ಎಲ್ಲಿರುತ್ತಾರೆ? ಕಿತ್ತುಹೋದ ಬೋದಿಗೆ ಎಲ್ಲಿತ್ತು ಅನ್ನುವುದಕ್ಕೆ ಹಲಗೆಯ ಮೇಲೆ ಬಣ್ಣದ ಗುರುತಾದರೂ ಇರುತ್ತದೆ. ಆ 4,729 ಕುಟುಂಬಗಳದ್ದು ಇದ್ದದ್ದು ಏಜೆನ್ಸಿ ಕೊಟ್ಟ ಕಾಗದದಲ್ಲಿ.